ಟೆಕ್ಸಸ್‌ನಲ್ಲಿ ವೀಕೆಂಡ್ ರೈಫಲ್ ಕ್ಲಾಸು, ಎಚ್‌1ಬಿ ನಲ್ಲಿರೋರು ಹೋಗಬಹುದಾ?

ಡಲ್ಲಾಸ್‌ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಮ್ಮ ಟೀಮಲ್ಲಿರೋ ಅಮೆರಿಕನ್ ಕಲೀಗ್ ಒಬ್ಬ ಆಪಲ್‌ಸೀಡ್ ಅಂತ ಶನಿವಾರ ಭಾನುವಾರದ ರೈಫಲ್ ಕ್ಲಾಸ್‌ಗೆ ಬಾ ಅಂತ ಹಿಂದೆ ಬಿದ್ದಿದಾನೆ, ಗನ್ನು ಗುಂಡು ಎಲ್ಲಾ ನಾನೇ ಕೊಡ್ತೀನಿ ನೀನು ಬಂದ್ರೆ ಸಾಕು ಅಂತಾನೆ. ನಾನು ಇಲ್ಲೀವರೆಗೂ ಹೊಡೆದಿರೋದು ಜಾತ್ರೇಲಿ ಬಲೂನು ಅಷ್ಟೇ. ಆಸೆ ಏನೋ ಇದೆ, ಆದ್ರೆ ನಮ್ಮನೆಯವರು ವೀಸಾಗೆ ಏನಾದ್ರೂ ಎಡವಟ್ಟಾದ್ರೆ ಅಂತ ಹೆದರ್ತಿದಾರೆ. ಎರಡು ದಿನ ಏನು ಮಾಡಿಸ್ತಾರೆ, ಕನ್ನಡಕ ಇದ್ರೆ ತೊಂದ್ರೆನಾ? ಮಗಳಿಗೆ 12 ವರ್ಷ, ಅವಳೂ ಬರ್ತೀನಿ ಅಂತ ಕುಣೀತಿದಾಳೆ.

ಓದಿಸೈನ್‌ಮಾಡಿ:
ನಿಮ್ಮನೆಯವರು ಹೆದರೋದು ಸರಿಯಾಗೇ ಇದೆ ಸರ್. ಕೆಲಸದ ಎಚ್‌1ಬಿ, ಅವರ ಮನೆಯವರ ಎಚ್4, ಓದೋರ ಎಫ್1 ಎಲ್ಲಾ ನಾನ್‌ಇಮಿಗ್ರಂಟ್, ಅಂದ್ರೆ ಖಾಯಂ ವಾಸಕ್ಕಲ್ಲದ ವೀಸಾ, ಇದರಲ್ಲಿರೋರು ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ ಅಂತ ಫೆಡರಲ್ ಕಾನೂನು. ಇಟ್ಕೊಳ್ಳೋದು ಅಂದ್ರೆ ಬರೀ ಕೊಂಡ್ಕೊಳ್ಳೋದಲ್ಲ, ರೇಂಜಲ್ಲಿ ಬಾಡಿಗೆಗೆ ತಗೊಂಡು ಹೊಡೆದ್ರೂ ಅದೇ ಲೆಕ್ಕ, ಫ್ರೆಂಡ್ ಗನ್ನು ಅಂದ್ರೂ ಅದೇ. ನಮ್ಮ ಹುಡುಗ್ರು ರೇಂಜಿಗೆ ಹೋಗಿ ಗನ್ ಹಿಡ್ಕೊಂಡು ಫೋಟೋ ಬೇರೆ ಹಾಕ್ತಾರೆ, ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತ್ಕೊಂಡು ಇದೆಲ್ಲಾ ಬೇಕಾ.

ಆದ್ರೆ ದಾರಿ ಇದೆ. ಯಾವುದಾದ್ರೂ ಸ್ಟೇಟ್ ಕೊಟ್ಟಿರೋ, ಅವಧಿ ಮುಗೀದಿರೋ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ರ ಇದ್ರೆ ಈ ನಿಷೇಧಕ್ಕೆ ವಿನಾಯಿತಿ. ನನ್ನ ಸ್ನೇಹಿತರೊಬ್ರು ಮೊಟ್ಟೇನೂ ಮುಟ್ಟಲ್ಲ, ಜೇಬಲ್ಲಿ ಮಾತ್ರ ಬೇಟೆ ಲೈಸೆನ್ಸ್ ಇದೆ! ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದೋರು ಬೇಟೆಗೆ ಹೋಗ್ಬೇಕಂದ್ರೆ ಹಂಟರ್ ಎಜುಕೇಶನ್ ಅನ್ನೋ ಬೇಟೆ ಕೋರ್ಸ್ ಮಾಡಿರಬೇಕು, ದೊಡ್ಡೋರಿಗೆ ಅದು ಆನ್‌ಲೈನಲ್ಲೇ ಆಗುತ್ತೆ. ಒಂದು ವಿಷಯ ನೋಡ್ಕೊಳ್ಳಿ, ಅಲ್ಲಿ ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತೆ, ಜುಲೈನಲ್ಲಿ ತಗೊಂಡು ಸೆಪ್ಟೆಂಬರ್ ಕ್ಲಾಸಿಗೆ ಹೋದ್ರೆ ಉಪಯೋಗ ಇಲ್ಲ. ನಿಮ್ಮ ಇಮಿಗ್ರೇಶನ್ ಲಾಯರಿಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಮಗಳು ಇಲ್ಲೇ ಹುಟ್ಟಿದ್ರೆ ಸಿಟಿಜನ್, ಅವಳಿಗೆ ಈ ವೀಸಾ ತಾಪತ್ರಯ ಇಲ್ಲ. ಮಗಳು ಹೊಡೀಬಹುದು, ಅಪ್ಪ ಮುಟ್ಟೋ ಹಾಗಿಲ್ಲ, ಹಂಗಿದೆ ಕಥೆ.

ಹುಬ್ಬಳ್ಳಿಮಂದಿ:
ಕಾನೂನಿಂದು ಅವ್ರು ಹೇಳ್ಯಾರ, ನಾ ಕ್ಲಾಸಿಂದು ಹೇಳ್ತೀನ್ರಿ. ಗುರಿ ಇರೋದು 25 ಮೀಟರ್‌ನಾಗ, ಅಷ್ಟ ಏನು ಅನಬ್ಯಾಡ್ರಿ, ಕೆಂಪು ಕೋಟಿನ ಬ್ರಿಟಿಷ್ ಸಿಪಾಯಿಗಳ ಚಿತ್ರ ಸಣ್ಣು ಸಣ್ಣು ಆಗ್ಕೋತ ಹೋಗ್ತಾವ, 400 ಗಜದಾಗ ಮನಷ್ಯಾ ಹೆಂಗ ಕಾಣ್ತಾನ ಹಂಗ ಕೊನೀದು. ಸಣ್ಣ ಗುಂಡಿನ .22 ರೈಫಲ್ ಸಾಕು, ಭುಜಕ್ಕ ಹೊಡ್ತ ಅಂತ ಏನೂ ಇರೂದಿಲ್ಲ. ಬಂದೂಕಿನ ಪಟ್ಟಿ ತೋಳಿಗೆ ಬಿಗದು ಮಕ್ಕೊಂಡು ಹೊಡಿಯೂದ ಜಾಸ್ತಿ.

ನನಗ ಭಾಳ ಹಿಡಿಸಿದ್ದು ಒಂದ. ಗುರಿ ಇಟ್ಟು ಕಣ್ಣು ಮುಚ್ಚು ಅಂತಾರ, ಒಂದ ಸಲ ಉಸಿರು ತಗೊಂಡು ಬಿಡು, ಈಗ ಕಣ್ಣು ತಗಿ. ಬಂದೂಕಿನ ಮೂತಿ ಬ್ಯಾರೆ ಕಡೆ ಸರದಿರ್ತೈತಿ! ಆವಾಗ ಕೈಲೆ ಎಳದು ಗುರಿಗೆ ತರಬಾರದು, ಎಡ ಮೊಣಕೈ ಊರಿದಲ್ಲೇ ಬಿಟ್ಟು ಸ್ವಂಟ ಸರಸಬೇಕು, ಮತ್ತ ಕಣ್ಣು ಮುಚ್ಚಿ ನೋಡಬೇಕು. ಕೈಲೆ ಎಳದು ಹೊಡದ್ರ ಸ್ನಾಯು ಸಡಲ ಆದ ಕೂಡ್ಲೆ ಗುಂಡು ಹಳೇ ಕಡೆನ ಹೋಗ್ತೈತಿ. ಟ್ರಿಗರ್ ಒತ್ತೂದು ಉಸಿರು ಬಿಟ್ಟ ಮ್ಯಾಲ ತಾನ ನಿಲ್ಲತೈತೆಲ್ಲ, ಆ ಗಳಿಗ್ಯಾಗ.

ಪರೀಕ್ಷೆ 40 ಗುಂಡಿಂದು, 250ಕ್ಕ 210 ಬಂದ್ರ ರೈಫಲ್‌ಮನ್ ಅಂತ ಪ್ಯಾಚ್ ಕೊಡ್ತಾರ. ಕುಂತು ಹೊಡಿಯೋ 10 ಗುಂಡಿಗೆ 55 ಸೆಕೆಂಡು, ನಡುವ ಮ್ಯಾಗಜಿನ್, ಅಂದ್ರ ಗುಂಡು ತುಂಬಿದ ಡಬ್ಬಿ, ಬದಲಿ ಮಾಡೂದೂ ಅದರಾಗ ಬಂತು, ಕೈ ನಡುಗ್ತಾವ ಖರೇನ. ಮಧ್ಯಾಹ್ನ ಊಟದ ಹೊತ್ತಿಗೆ 1775ರ ಏಪ್ರಿಲ್ 19ರ ಲೆಕ್ಸಿಂಗ್ಟನ್ ಕಾಂಕರ್ಡ್ ಕಥಿ, ಅಂದ್ರ ಬ್ರಿಟಿಷರ ಮ್ಯಾಲ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರು ಆದ ಕಥಿ ಹೇಳ್ತಾರ, ಮಗಳಿಗೆ ಸಾಲ್ಯಾಗೂ ಉಪಯೋಗ ಆಗ್ತೈತಿ.

ಕೊಡಗಿನಕೋವಿ:
ನಾನು ನಮ್ಮ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತಾ ಬೆಳೆದೋನು. ಊರಲ್ಲಿ ಕೊಡವರಿಗೆ ಆರ್ಮ್ಸ್ ಆಕ್ಟ್ ಲೈಸೆನ್ಸಿಂದಾನೇ ವಿನಾಯಿತಿ, ಇಲ್ಲಿ ಬಂದು ಜಿಂಕೆ ಲೈಸೆನ್ಸ್ ಮಾಡಿಸ್ಬೇಕು, ನಗು ಬರುತ್ತೆ. ಆದ್ರೆ ನಮ್ಮದು ನಿಂತು ಹೊಡೆಯೋ ಅಭ್ಯಾಸ, ಪಟ್ಟಿ ಬಿಗಿದು ಮಲಗಿ ಹೊಡೆಯೋದು ಬೇರೆ ವಿದ್ಯೆನೇ, ಏನೂ ಗೊತ್ತಿಲ್ಲದ ಹೊಸಬ್ರು ಬೇಗ ಕಲೀತಾರೆ.

ಕನ್ನಡಕ ಒಳ್ಳೇದೇ, ಹೇಗಿದ್ರೂ ಕಣ್ಣಿಗೆ ರಕ್ಷಣೆ ಇರಲೇಬೇಕು. ಕುತ್ತಿಗೆ ಮುಚ್ಚೋ ಟೀ ಶರ್ಟ್ ಹಾಕ್ಕೊಳ್ಳಿ, ಪಕ್ಕದವರ ರೈಫಲಿಂದ ಹಾರೋ ಕಾದ ತೋಟಾ ಸಿಪ್ಪೆ ಕಾಲರ್ ಒಳಗೆ ಬಿದ್ರೆ ಕುಣಿದಾಡಿಬಿಡ್ತೀರ, ಕೈಯಲ್ಲಿ ರೈಫಲ್ ಇರುವಾಗ ಕುಣಿಯೋದು ಅಪಾಯ. ಮೊಣಕೈಗೆ ಪ್ಯಾಡು, ಕೆಳಗೆ ಹಾಸೋಕೆ ಮ್ಯಾಟು. ಸೀಸದ ಪುಡಿ ಕೈಗೆ ಅಂಟಿರುತ್ತೆ, ಊಟಕ್ಕೆ ಮುಂಚೆ ಸೋಪು ಹಾಕಿ ತೊಳ್ಕೊಳ್ಳಿ, ಚಿತ್ರಾನ್ನ ಕಟ್ಕೊಂಡು ಹೋದ್ರೆ ಚಮಚ ಇರಲಿ. ಯಾರಾದ್ರೂ ಸೀಸ್ ಫೈರ್, ಅಂದ್ರೆ ಗುಂಡು ನಿಲ್ಲಿಸಿ ಅಂತ ಕೂಗಿದ್ರೆ, ಮಗು ಕೂಗಿದ್ರೂ ಸರಿ, ಆ ಕ್ಷಣ ಬೆರಳು ಟ್ರಿಗರಿಂದ ಆಚೆ.

ಡಲ್ಲಾಸ್‌ದಾವಣಗೆರೆ:
ಎಲ್ರಿಗೂ ಥ್ಯಾಂಕ್ಸ್. ಮಗಳು ಇಲ್ಲೇ ಹುಟ್ಟಿದ್ದು, ಅವಳ ಹೆಸರು ಬರೆಸ್ತೀನಿ, ನಾನು ಹಂಟರ್ ಎಜುಕೇಶನ್ ಮುಗಿಸಿ ಲಾಯರನ್ನ ಕೇಳಿ ಆಮೇಲೆ. ನಮ್ಮನೆಯವರು ಎಚ್4, ಸುಮ್ನೆ ಕೂತು ನೋಡಬಹುದಾ?

ಓದಿಸೈನ್‌ಮಾಡಿ:
ನೋಡೋಕೆ ಏನೂ ಅಡ್ಡಿಯಿಲ್ಲ ಸರ್. ಗುಂಡಿನ ಡಬ್ಬಿ ಮಾತ್ರ ಸ್ವಲ್ಪ ಹಿಡ್ಕೋ ಅಂತ ಅವರ ಕೈಗೆ ಕೊಡಬೇಡಿ.