ರಿಸೆಪ್ಟರ್‌ಗೆ ‘ಗ್ರಾಹಕ’ ಸರಿಹೋಗುತ್ತಾ? ಜೊತೆಗೆ ತೂಬು, ಓಲೆಕಾರ, ಮಿಡಿತ

ಗೆಳೆಯರೇ, ನಮಸ್ಕಾರ.

ಒಂದು ಪದದ ಮುಂದೆ ಎರಡು ವಾರದಿಂದ ಕೂತಿದ್ದೇನೆ. ಪಿಯುಸಿ ಮಕ್ಕಳಿಗೆಂದು ಒಂದು ಲೇಖನ ಬರೆದಿದ್ದೆ. ಜೀವಕೋಶದ ಹೊರಮೈಯಲ್ಲಿರುವ ರಿಸೆಪ್ಟರ್‌ಗಳು (ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುವ ಪ್ರೋಟೀನ್‌ಗಳು) ಕೋಶದ ಒಳಗಿನ ಕ್ಯಾಲ್ಸಿಯಂ ಅನ್ನು ಹೇಗೆ ಏರಿಸಿ ಇಳಿಸುತ್ತವೆ ಅನ್ನೋದು ವಿಷಯ. ಎಲ್ಲರೂ ಬಳಸುವ ಪದ ಅಂತ ‘ಗ್ರಾಹಕಗಳು’ ಎಂದು ಬರೆದು ಕಳಿಸಿದೆ. ಕರಡು ತಿದ್ದಿದವರು ಅದನ್ನು ಕೈತಪ್ಪು ಅಂದುಕೊಂಡು ಉದ್ದಕ್ಕೂ ‘ಗ್ರಾಹಕರು’ ಮಾಡಿಬಿಟ್ಟರು. ‘ಪ್ರತಿ ಜೀವಕೋಶದ ಹೊರಗೂ ಸಾವಿರಾರು ಗ್ರಾಹಕರು ಕಾಯುತ್ತಿರುತ್ತಾರೆ’ ಅಂತ ಅಚ್ಚಾಗಿ ಬಂತು. ನಮ್ಮಮ್ಮ ಓದಿ, "ಏನೋ ಇದು, ರೇಷನ್ ಅಂಗಡಿ ಕ್ಯೂನಾ?" ಅಂದರು.

ತಿದ್ದಿದವರ ಮೇಲೆ ಸಿಟ್ಟಿಲ್ಲ. ಬ್ಯಾಂಕು, ಗ್ಯಾಸು, ಮೊಬೈಲು ಎಲ್ಲ ಕಡೆ ‘ಮಾನ್ಯ ಗ್ರಾಹಕರೇ’ ಅಂತಲೇ ಕೇಳಿ ಕೇಳಿ ಆ ಪದ ಇನ್ನೊಂದು ಅರ್ಥಕ್ಕೆ ಜಾಗ ಕೊಡುವುದಿಲ್ಲ. ಆದರೆ ನನ್ನ ತಕರಾರು ಇದಕ್ಕಿಂತ ಸ್ವಲ್ಪ ಆಳದ್ದು. ಗ್ರಾಹಕ ಅಂದರೆ ತೆಗೆದುಕೊಳ್ಳುವವನು. ಲೇಖನ ಓದಿದ ಒಬ್ಬ ಹುಡುಗ, "ಹಾಗಾದರೆ ಗ್ರಾಹಕ ಹೊರಗಿನ ಕ್ಯಾಲ್ಸಿಯಂ ತಗೊಂಡು ಒಳಗೆ ಹಾಕುತ್ತಾ ಸಾರ್?" ಅಂತ ಕೇಳಿದ. ಇಲ್ಲ ಮಾರಾಯ, ಅದು ಏನನ್ನೂ ಒಳಗೆ ತಗೊಳ್ಳುವುದಿಲ್ಲ ಅಂತ ಹೇಳಬೇಕಾಯಿತು. ಪದವೇ ದಾರಿ ತಪ್ಪಿಸಿತು, ಅಲ್ವಾ?

ಏನು ನಡೆಯುತ್ತದೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ನಿಮ್ಮ ಮುಂದೆ ಇಟ್ಟರು ಅನ್ನಿ. ಬಾಯಲ್ಲಿ ನೀರೂರುತ್ತದೆ. ಜೊಲ್ಲು ಗ್ರಂಥಿಯ ಹತ್ತಿರ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಅದು ಕೋಶದ ಹೊರಮೈಯ ರಿಸೆಪ್ಟರ್ ಮೇಲೆ ಕೂರುತ್ತದೆ. ಕೂರುತ್ತದೆ ಅಷ್ಟೇ, ಒಳಗೆ ಹೋಗುವುದಿಲ್ಲ. ಕೂತ ಭಾರಕ್ಕೋ ಎಂಬಂತೆ ರಿಸೆಪ್ಟರ್‌ನ ಒಳತುದಿ ಸ್ವಲ್ಪ ಹೊರಳುತ್ತದೆ. ಅಲ್ಲೇ ಒಳಗೆ ಅಂಟಿಕೊಂಡಿರುವ ಜಿ ಪ್ರೋಟೀನ್ ಎಚ್ಚರಗೊಂಡು ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಪೊರೆಯಲ್ಲೇ ಇರುವ ಒಂದು ಕೊಬ್ಬಿನ ಅಣುವನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡಿನ ಹೆಸರು ಐಪಿ-3. ಅದು ಕೋಶದೊಳಗೆ ತೇಲಿಕೊಂಡು ಹೋಗಿ, ಕ್ಯಾಲ್ಸಿಯಂ ತುಂಬಿಟ್ಟಿರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಬಾಗಿಲು ತೆರೆಸುತ್ತದೆ. ಕ್ಯಾಲ್ಸಿಯಂ ಅಲ್ಲಿಂದ ಕೋಶದ ತಿಳಿಗೆ ನುಗ್ಗುತ್ತದೆ, ಅದರ ಹಿಂದೆಯೇ ಉಪ್ಪು, ನೀರು ಎಲ್ಲ ಕೋಶದಿಂದ ಹೊರಟು ಜೊಲ್ಲಾಗುತ್ತದೆ.

ಹೊರಗೆ ನಿಂತವರು ಕರೆಗಂಟೆ ಒತ್ತಿದ ಹಾಗೆ ಇದು. ಒತ್ತಿದವರು ಅಲ್ಲೇ ನಿಂತಿರುತ್ತಾರೆ, ಸದ್ದು ಮಾತ್ರ ಒಳಗೆ ಹೋಗುತ್ತದೆ. ಆದರೆ ‘ಕರೆಗಂಟೆ’ ಅನ್ನೋಣ ಅಂದರೆ ಅದಕ್ಕೂ ಒಂದು ಕೊರತೆ. ಗಂಟೆಯನ್ನು ಯಾರು ಬೇಕಾದರೂ ಒತ್ತಬಹುದು. ರಿಸೆಪ್ಟರ್ ತನ್ನವರ ಬೆರಳಿಗೆ ಮಾತ್ರ ಓಗೊಡುತ್ತದೆ.

ತಪ್ಪು ಕನ್ನಡದ್ದೊಂದೇ ಅಲ್ಲ. 1900ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಕ್ ‘ರಿಸೆಪ್ಟರ್’ ಪದವನ್ನು ಟಂಕಿಸಿದಾಗ, ವಿಷವನ್ನು ಹಿಡಿದುಕೊಳ್ಳುವ ಕೋಶದ ಕೊಂಡಿಗಳು ಅವರ ಮನಸ್ಸಿನಲ್ಲಿದ್ದವು. 1905ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ ನಿಕೋಟಿನ್ ಮತ್ತು ಕ್ಯುರಾರೆ ಎಂಬ ವಿಷ ಇಟ್ಟುಕೊಂಡು ಸ್ನಾಯುವಿನ ಮೇಲೆ ಪ್ರಯೋಗ ಮಾಡಿ, ಇವನ್ನು ‘ಬರಮಾಡಿಕೊಳ್ಳುವ ವಸ್ತು’ ಇಲ್ಲಿದೆ ಎಂಬರ್ಥದಲ್ಲಿ ಹೇಳಿದರು. ಆಗ ಒಳಗೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹೆಸರು ಹಿಡಿಯುವುದರಲ್ಲೇ ನಿಂತುಹೋಯಿತು. ನಾವು ಅದನ್ನೇ ಸಂಸ್ಕೃತದಲ್ಲಿ ಅಚ್ಚು ಹಾಕಿಕೊಂಡೆವು.

ಮುಂದಿನ ಪದಗಳು ಇಷ್ಟು ಕಾಡಲಿಲ್ಲ. ಐಪಿ-3ಯಂಥ ಅಣುವನ್ನು ‘ದ್ವಿತೀಯ ದೂತ’ ಅನ್ನುತ್ತಾರೆ. ನನಗೆ ‘ಎರಡನೇ ಓಲೆಕಾರ’ ಇಷ್ಟ. ಹಾರ್ಮೋನು ತಂದ ಓಲೆಯನ್ನು ಬಾಗಿಲಲ್ಲೇ ಕೊಟ್ಟು ನಿಲ್ಲುತ್ತದೆ, ಒಳಗಿನ ಆಳು ಅದನ್ನು ಮುಂದಕ್ಕೆ ಒಯ್ಯುತ್ತಾನೆ. ಈ ಆಳು ಯಾರು ಅಂತ 1983ರಲ್ಲಿ ಕೇಂಬ್ರಿಡ್ಜ್‌ನ ಮೈಕೆಲ್ ಬೆರಿಡ್ಜ್ ಮತ್ತು ಜೊತೆಗಾರರು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು ಬೆರಿಡ್ಜ್ ವರ್ಷಗಟ್ಟಲೆ ಕೆಲಸ ಮಾಡಿದ್ದು ನೊಣದ ಜೊಲ್ಲು ಗ್ರಂಥಿಯ ಮೇಲೆ. ನನ್ನ ಹುಣಸೆಹಣ್ಣಿನ ಉದಾಹರಣೆ ತೀರಾ ಅಡ್ಡದಾರಿಯದ್ದಲ್ಲ!

ಇನ್ನು ಚಾನೆಲ್, ಅಂದರೆ ಕ್ಯಾಲ್ಸಿಯಂನಂಥವು ಪೊರೆ ದಾಟುವ ದಾರಿ. ‘ಕಾಲುವೆ’ ಅಂತ ಬರೆಯುವವರು ಇದ್ದಾರೆ. ಕಾಲುವೆ ಮೈಲಿಗಟ್ಟಲೆ ಹರಿಯುತ್ತದೆ, ಅದಕ್ಕೆ ಮುಚ್ಚುವ ತೆರೆಯುವ ಗುಣ ಇಲ್ಲ. ನಮ್ಮ ಕೆರೆಗಳಿಗೆ ತೂಬು ಇದೆಯಲ್ಲ! ಏರಿಯ ಅಡಿಯಲ್ಲಿ ಕಿರಿದಾದ ದಾರಿ, ಅದಕ್ಕೊಂದು ಬಿರಡೆ, ಎತ್ತಿದರೆ ನೀರು, ಬಿಟ್ಟರೆ ಬಂದ್. ಚಾನೆಲ್ ಅಂದರೆ ಅದೇ. ಕೋಶದ ಒಳಗಿನ ತಿಳಿಯಲ್ಲಿ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಅಂದರೆ ಕೆರೆ ತುಂಬಿದೆ, ಕೆಳಗಿನ ಗದ್ದೆ ಬಹುತೇಕ ಒಣಗಿದೆ. ತೂಬು ಒಂದು ಕ್ಷಣ ತೆರೆದರೂ ಸಾಕು, ಕ್ಯಾಲ್ಸಿಯಂ ಹತ್ತು ಪಟ್ಟು ಏರುತ್ತದೆ. ಕೋಲಾರ, ತುಮಕೂರು ಕಡೆಯವರಿಗೆ ತೂಬು ಎತ್ತುವ ನೀರುಗಂಟಿಯೂ ಗೊತ್ತು. ಐಪಿ-3 ಬಂದು ತಿಳಿಸುವುದು ಆ ನೀರುಗಂಟಿಗೆ.

ಇಲ್ಲೇ ನನ್ನ ಗಂಟು ಬಿಗಿಯಾಗುವುದು. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಐಪಿ-3 ತೆರೆಸುವ ಆ ತೂಬಿಗೂ ಇಂಗ್ಲಿಷಿನಲ್ಲಿ ರಿಸೆಪ್ಟರ್ ಅಂತಲೇ ಹೆಸರು, ಐಪಿ-3 ರಿಸೆಪ್ಟರ್. ಅದೇ ಗಂಟೆ, ಅದೇ ತೂಬು, ಅದೇ ನೀರುಗಂಟಿ. ಹೊರಗಿನದು ಕರೆಯನ್ನು ದಾಟಿಸುತ್ತದೆ, ಒಳಗಿನದು ತಾನೇ ತೆರೆದುಕೊಳ್ಳುತ್ತದೆ. ಎರಡಕ್ಕೂ ‘ಗ್ರಾಹಕ’ ಅಂದರೆ ಓದುವ ಹುಡುಗ ಸುಮ್ನೆ ಪುಸ್ತಕ ಮುಚ್ಚುತ್ತಾನೆ. ಇದು ದೂರದ ವಿಷಯವೂ ಅಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಅವರ ತಂಡ ಹಣ್ಣುನೊಣದಲ್ಲಿ ಇದೇ ಐಪಿ-3 ರಿಸೆಪ್ಟರ್ ಬಗ್ಗೆ ಬಹಳ ಕಾಲ ಕೆಲಸ ಮಾಡಿದೆ. ಇದರ ಜೀನ್ ಕೆಟ್ಟರೆ ಕೆಲವು ನೊಣಗಳಿಗೆ ಹಾರಲು ಆಗುವುದಿಲ್ಲ. ರೆಕ್ಕೆ ಇದೆ, ಹಾರಾಟ ಇಲ್ಲ. ಇಷ್ಟು ಹತ್ತಿರ ನಡೆಯುವ ಕೆಲಸವನ್ನು ಕನ್ನಡದಲ್ಲಿ ಹೇಳಲು ಪದ ತಡಕಾಡುವುದು ನನಗೆ ಬೇಜಾರು.

ಇನ್ನೊಂದು ತೂಬು ಹೊರಮೈಯಲ್ಲಿದೆ. ಒಳಗಿನ ಕೆರೆ, ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಬರಿದಾದರೆ ಮಾತ್ರ ಅದು ತೆರೆಯುತ್ತದೆ. ಮನೆ ಟ್ಯಾಂಕಿನಲ್ಲಿ ನೀರು ಇಳಿದಾಗ ತೇಲುವ ಚೆಂಡು ಇಳಿದು ನಲ್ಲಿ ಬಿಡುತ್ತದಲ್ಲ, ಹಾಗೆ. ಚೆಂಡಿನ ಕೆಲಸ ಮಾಡುವ ಪ್ರೋಟೀನ್ ಸ್ಟಿಮ್ ಅಂತ 2005ರಲ್ಲೂ, ಹೊರಗಿನ ತೂಬು ಒರಾಯ್ ಅಂತ 2006ರಲ್ಲೂ ಗೊತ್ತಾಯಿತು. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಇಲ್ಲಿ ಬಂದದ್ದು ಮೊದಲು ಗದ್ದೆಗೆ ಬಿದ್ದು, ಆಮೇಲೆ ಪಂಪಿನಿಂದ ಕೆರೆಗೆ ಏರುತ್ತದೆ. ನನಗೆ ಹಿಡಿಸಿದ್ದು ಆ ಹೆಸರು. ಒರಾಯ್ ಅಂದರೆ ಗ್ರೀಕ್ ಪುರಾಣದಲ್ಲಿ ಸ್ವರ್ಗದ ಬಾಗಿಲು ಕಾಯುವವರು. ಅವರು ಪುರಾಣದಿಂದ ಬಾಗಿಲು ಕಾಯುವವರನ್ನು ಕರೆಸಬಹುದಾದರೆ ನಾವು ಕೆರೆಯಿಂದ ನೀರುಗಂಟಿಯನ್ನು ಕರೆಸಲು ಯಾಕೆ ನಾಚಬೇಕು?

ಕ್ಯಾಲ್ಸಿಯಂ ಮತ್ತೆ ಮತ್ತೆ ಏರಿ ಇಳಿಯುವ ‘ಆಸಿಲೇಶನ್’ಗೆ ‘ಆಂದೋಲನ’ ಅನ್ನುತ್ತಾರೆ, ಕೇಳಿದರೆ ಧರಣಿ, ಘೋಷಣೆ ನೆನಪಾಗುತ್ತದೆ. ಹಾರ್ಮೋನು ಜಾಸ್ತಿ ಆದಾಗ ಕ್ಯಾಲ್ಸಿಯಂ ಇನ್ನೂ ಎತ್ತರಕ್ಕೆ ಏರುವುದಿಲ್ಲ, ಏರಿಳಿತ ಬೇಗ ಬೇಗ ಆಗುತ್ತದೆ. ಇಲಿಯ ಪಿತ್ತಜನಕಾಂಗದ ಒಂದೊಂದೇ ಕೋಶದಲ್ಲಿ ಇದನ್ನು 1986ರಲ್ಲಿ ಕಂಡರು. ‘ಮಿಡಿತ’ ಅಂದರೆ ಸಾಕು, ನಾಡಿ ಹಿಡಿದು ನೋಡಿದವರಿಗೆಲ್ಲ ತಿಳಿಯುತ್ತದೆ. ಕ್ಯಾಲ್ಸಿಯಂ ಅನ್ನು ಮಾತ್ರ ಹಾಗೇ ಬಿಡುತ್ತೇನೆ. ನಮ್ಮಮ್ಮ ‘ಸುಣ್ಣದಂಶ’ ಅನ್ನುತ್ತಾರೆ, ಆದರೆ ಸುಣ್ಣ ಅಂದ ತಕ್ಷಣ ವೀಳ್ಯದೆಲೆ, ಗೋಡೆ, ಮೂಳೆ ಇಷ್ಟೇ ಕಣ್ಣಿಗೆ ಬರುವುದು.

ರಿಸೆಪ್ಟರ್‌ಗೆ ‘ಗ್ರಾಹಿ’ ಅಂತ ಕೆಲವರು ಬರೆಯುತ್ತಾರೆ. ಕ್ಯೂನಲ್ಲಿ ನಿಲ್ಲುವ ತೊಂದರೆ ತಪ್ಪುತ್ತದೆ, ಹಿಡಿಯುವ ಅರ್ಥ ಉಳಿಯುತ್ತದೆ. ‘ಓಗೊಡುಗ’ ಅಂತ ಕಟ್ಟಿ ನೋಡಿದೆ, ನಾಲಗೆ ಹೊರಳಲಿಲ್ಲ. ಸದ್ಯಕ್ಕೆ ‘ರಿಸೆಪ್ಟರ್ ಕರೆಗೆ ಓಗೊಡುತ್ತದೆ’ ಅಂತ ಕ್ರಿಯಾಪದದಲ್ಲಿ ದಾಟಿಸಿಕೊಂಡಿದ್ದೇನೆ.

ನಿಮ್ಮನ್ನು ಕೇಳಬೇಕು ಅನ್ನಿಸಿದ್ದು ಇಲಿಬೋನು ನೋಡಿದಾಗ. ಒಳಗೆ ಕೊಬ್ಬರಿ ಚೂರು ಸಿಕ್ಕಿಸುವ ಒಂದು ಕೊಕ್ಕೆ ಇರುತ್ತದೆ. ಇಲಿ ಅದನ್ನು ಎಳೆದರೆ ದೂರದ ಬಾಗಿಲು ಬೀಳುತ್ತದೆ. ಮುಟ್ಟಿದ್ದು ಒಂದು ಕಡೆ, ನಡೆದದ್ದು ಇನ್ನೊಂದು ಕಡೆ, ಥೇಟ್ ರಿಸೆಪ್ಟರ್ ಹಾಗೆ. ಆ ಕೊಕ್ಕೆಗೆ ನಿಮ್ಮ ಕಡೆ ಏನಂತಾರೆ? ಬಯಲುಸೀಮೆ, ಮಲೆನಾಡು, ಕರಾವಳಿ, ಯಾವ ಕಡೆಯ ಮಾತಾದರೂ ಸರಿ. ಹಂದಿ ಉರುಳು, ಹಕ್ಕಿ ಬಲೆ ಕಟ್ಟುತ್ತಿದ್ದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೂ ಒಮ್ಮೆ ಕೇಳಿ ತಿಳಿಸಿ.