ಅಪ್‌ಡೇಟ್: ಕಾಲ್ಪನಿಕ ದ್ವೀಪದ ಒಣ ತೀರದಲ್ಲಿ ಬಂದರು ನಿಂತಿತು

ನಾನು ಕಲ್ಪಿಸಿಕೊಂಡು ರೂಪಿಸುತ್ತಿರುವ ದ್ವೀಪದಲ್ಲಿ, ನದಿಯೇ ಇಲ್ಲದ ಪಶ್ಚಿಮ ತೀರದಲ್ಲಿ ಬಂದರು ಪಟ್ಟಣ ಬದುಕೋದು ಹೇಗೆ ಅಂತ ಕೇಳಿದ್ದೆನಲ್ಲ, ಬಗೆಹರಿಯಿತು.

ಕೆಲಸಕ್ಕೆ ಬಂದದ್ದು "ಮೊದಲು ಗಾಳಿಯ ದಿಕ್ಕು ಗುರುತಿಸಿ" ಅಂದವರ ಸಲಹೆ. ಗಾಳಿ ಪೂರ್ವದಿಂದ, ನಡುವಿನ 1,800 ಮೀಟರ್ ಎತ್ತರದ ಬೆಟ್ಟಸಾಲು ಮೋಡ ತಡೆಯುತ್ತದೆ. ಪೂರ್ವಕ್ಕೆ ಕಾಡು, ಹೊಳೆ, ಪಶ್ಚಿಮ ಮಳೆನೆರಳು, ಅಂದರೆ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾದ ಒಣ ಕಡೆ. ಆದರೆ ಅಲೆಗಳ ಹೊಡೆತವೂ ಪೂರ್ವಕ್ಕೇ ಹೆಚ್ಚು, ಹಡಗು ನಿಲ್ಲಿಸಲು ಒಣ ಪಶ್ಚಿಮವೇ ವಾಸಿ. ಊರು ಅಲ್ಲಿರಲು ಕಾರಣ ತಾನಾಗಿ ಸಿಕ್ಕಿತು.

ಬೆಟ್ಟದ ಕೆರೆಯಿಂದ ಎರಡೂ ಕಡೆ ನದಿ ಹರಿಸುವ ಸಲಹೆ ಕೈಬಿಟ್ಟೆ. ಕೆರೆ ಸಾಮಾನ್ಯವಾಗಿ ತಗ್ಗಾದ ಒಂದೇ ಅಂಚಿನಿಂದ ಕೋಡಿ ಬೀಳುತ್ತದೆ.

ಅಚ್ಚರಿಯಾದದ್ದು ನೀರಿನ ಲೆಕ್ಕ. ಸಿಹಿನೀರು ಹಗುರ, ಹಾಗಾಗಿ ದ್ವೀಪದ ನೆಲದಡಿ ಉಪ್ಪುನೀರಿನ ಮೇಲೆ ತೇಲುತ್ತದೆ. ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ಸಿಹಿನೀರು! ಒಂದೇ ಬಾವಿಯಲ್ಲಿ ಅತಿಯಾಗಿ ಸೇದಿದರೆ ಅಡಿಯಿಂದ ಉಪ್ಪುನೀರು ಮೇಲೇರುತ್ತದೆ. ಅದಕ್ಕೇ ಪಟ್ಟಣಕ್ಕೆ ಆಳವಿಲ್ಲದ, ದೂರದೂರದ ಬಾವಿಗಳನ್ನಿಟ್ಟೆ. "ಹೊತ್ತು ಮುಳುಗಿದ ಮೇಲೆ ಸೇದಿದರೆ ಕಡಲಮ್ಮ ಕೊಡದೊಳಗೆ ಬಂದು ಕೂರುತ್ತಾಳೆ" ಎಂಬ ದಂತಕಥೆಯೂ ಹುಟ್ಟಿತು. ಬಾವಿಗೆ ರಾತ್ರಿ ಬಿಡುವು ಬೇಕಲ್ಲ. ಪೂರ್ವದ ಹಳ್ಳಿಗಳಿಗೆ ಹೆಸರಿಡುವುದು ಇನ್ನೂ ಬಾಕಿ.