ಟ್ಯಾಕ್ರೊಲಿಮಸ್, ಎಚ್‌ಸಿಕ್ಯೂ ಲೆವೆಲ್‌ಗೆ ರಕ್ತ ಯಾವಾಗ, ಹೇಗೆ ಕೊಡಬೇಕು? ಗೊತ್ತಿದ್ದವರು ಹೇಳಿ

ಕೇಳಿದವರು, ಚಳ್ಳಕೆರೆ

ಅಕ್ಕನಿಗೆ ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ), ಕಿಡ್ನಿಗೂ ತಾಗಿದೆ. ವಯಸ್ಸು 31, ತೂಕ 52 ಕೆ.ಜಿ. ಆ ಶಕ್ತಿ ತಗ್ಗಿಸೋ ಟ್ಯಾಕ್ರೊಲಿಮಸ್ 1 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಹೈಡ್ರಾಕ್ಸಿಕ್ಲೋರೋಕ್ವಿನ್ (ಎಚ್‌ಸಿಕ್ಯೂ) ಒಂದು ದಿನ 200, ಮಾರನೇ ದಿನ 300. ಸ್ಟೀರಾಯ್ಡ್ 5. ಬೆಂಗಳೂರಿನ ಡಾಕ್ಟರು ‘ಟ್ಯಾಕ್ರೊ ಟ್ರಫ್, ಎಚ್‌ಸಿಕ್ಯೂ ಲೆವೆಲ್’ ಬರೆದುಕೊಟ್ಟಿದ್ದಾರೆ, ರಕ್ತದಲ್ಲಿ ಈ ಔಷಧಿ ಎಷ್ಟಿದೆ ಅಂತ ನೋಡೋ ಪರೀಕ್ಷೆಯಂತೆ. ಹೋದ ಸಲ ಟ್ಯಾಕ್ರೊ 14.2 ಬಂತು. ಹತ್ತು ದಿನ ಬಿಟ್ಟು ಮಾಡಿಸಿದರೆ 4.6, ಪಕ್ಕದಲ್ಲಿ ‘ಲೋ’ ಅಂತ ಅಚ್ಚು. ಡೋಸ್ ಬದಲಾಗಿಲ್ಲ. ಯಾವುದನ್ನ ನಂಬೋದು? ರಕ್ತ ಕೊಡೋಕೆ ಬೆಂಗಳೂರಿಗೇ ಹೋಗಬೇಕಾ, ದುರ್ಗ ಇಲ್ಲಾ ದಾವಣಗೆರೆಯಲ್ಲಿ ಆಗುತ್ತಾ?

ಲ್ಯಾಬ್ ಟೆಕ್ನಿಷಿಯನ್, ಚಿತ್ರದುರ್ಗ

ರಕ್ತ ಇಲ್ಲೇ ಕೊಡಬಹುದು ಅಣ್ಣಾರೆ, ಪರೀಕ್ಷೆ ಮಾತ್ರ ಹೊರಗಡೆ ಆಗುತ್ತೆ. ಕಲೆಕ್ಷನ್ ಸೆಂಟರ್‌ನವರು ತಗೊಂಡು ಬೆಂಗಳೂರಿಗೋ ಮುಂಬೈಗೋ ಕಳಿಸ್ತಾರೆ. ಹೋಗೋ ಮುಂಚೆ ಫೋನ್ ಮಾಡಿ ಎರಡೇ ಮಾತು ಕೇಳಿಕೊಳ್ಳಿ: ಕೊರಿಯರ್ ಎಷ್ಟು ಹೊತ್ತಿಗೆ ಹೊರಡುತ್ತೆ, ಭಾನುವಾರ ಅಡ್ಡ ಬರುತ್ತಾ. ಶನಿವಾರ ಮಧ್ಯಾಹ್ನ ಕೊಡೋ ಗೋಜಿಗೆ ಹೋಗಬೇಡಿ.

ಟ್ಯೂಬ್ ನೇರಳೆ ಮುಚ್ಚಳದ್ದು, ಅಂದರೆ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿರೋದು. ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ತಗೊಳ್ಳೋದೂ ಅದೇ. 2ರಿಂದ 3 ಎಂ.ಎಲ್. ಸಾಕು. ತುಂಬಿದ ಮೇಲೆ ಎಂಟ್ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ಗಡ್ಡೆ ಕಟ್ಟಿದರೆ ಸ್ಯಾಂಪಲ್ ವಾಪಸ್. ಇಲ್ಲಿ ಜಾಸ್ತಿ ಎಡವೋದು ಎಲ್ಲಿ ಅಂದರೆ, ಮಿಕ್ಕ ಟೆಸ್ಟ್‌ಗಳ ಜೊತೆ ಇದನ್ನೂ ಹಳದಿ ಮುಚ್ಚಳದ ಟ್ಯೂಬ್‌ಗೆ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ (ಕಣಗಳನ್ನ ಬಿಟ್ಟು ಮೇಲಿನ ತಿಳಿ) ಕಳಿಸಿಬಿಡ್ತಾರೆ. ಟ್ಯಾಕ್ರೊಲಿಮಸ್ ಬಹುಪಾಲು ಕೆಂಪು ರಕ್ತಕಣದ ಒಳಗೇ ಕೂತಿರುತ್ತೆ. ಸೀರಂ ತೆಗೆದರೆ ಔಷಧಿಯನ್ನೇ ಬಿಸಾಕಿದ ಹಾಗೆ. ಎಚ್‌ಸಿಕ್ಯೂಗೂ ಇಡೀ ರಕ್ತವೇ ಬೇಕು. ಸ್ಯಾಂಪಲ್ 2ರಿಂದ 8 ಡಿಗ್ರಿ ಒಳಗೆ ಇರಲಿ, ಫ್ರೀಜರ್‌ಗೆ ಬೇಡ. ಏಪ್ರಿಲ್ ಬಿಸಿಲಲ್ಲಿ ಐಸ್ ಪ್ಯಾಕ್ ಇಲ್ಲದ ಡಬ್ಬಿ ನೋಡಿದರೆ ಅಲ್ಲೇ ಕೇಳಿಬಿಡಿ, ಸಂಕೋಚ ಬೇಡ.

ಹೊತ್ತಿನ ವಿಷಯ: 12 ಗಂಟೆ ಖಾಲಿ ಹೊಟ್ಟೆ ಬೇಕು.

ರುಮಟಾಲಜಿ ವೈದ್ಯೆ, ದಾವಣಗೆರೆ

ಕೊನೇ ಸಾಲು ತಿದ್ದಬೇಕು ಸರ್. ಆ 12 ಗಂಟೆ ಹೊಟ್ಟೆಯ ಲೆಕ್ಕ ಅಲ್ಲ, ಗುಳಿಗೆಯ ಲೆಕ್ಕ. ಈ ತಪ್ಪು ತಿಳಿವಳಿಕೆಯಿಂದ ಜನ ರಾತ್ರಿ ಊಟ ಬಿಡ್ತಾರೆ, ಬೆಳಿಗ್ಗೆ ಗುಳಿಗೆ ಮಾತ್ರ ನೀರಿನ ಜೊತೆ ನುಂಗಿ ಬರ್ತಾರೆ. ಆಗಬೇಕಾದದ್ದು ತದ್ವಿರುದ್ಧ.

‘ಟ್ರಫ್’ ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ, ರಕ್ತದಲ್ಲಿ ಔಷಧಿ ಅತಿ ಕಡಿಮೆ ಇರೋ ಹೊತ್ತು. ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಮಟ್ಟ ಮೇಲಕ್ಕೇರಿ ಆಮೇಲೆ ಇಳೀತಾ ಹೋಗುತ್ತೆ. ಡೋಸ್ ಬದಲಾಗದೆ 14.2 ಇದ್ದದ್ದು 4.6 ಆಯಿತು ಅಂದರೆ ನನಗೆ ಮೊದಲು ಬರೋ ಅನುಮಾನ, ಮೊದಲ ಸಲ ಬೆಳಗಿನ ಗುಳಿಗೆ ನುಂಗಿಯೇ ರಕ್ತ ಕೊಟ್ಟಿರಬೇಕು. ಅಕ್ಕನವರನ್ನ ಕೇಳಿ ನೋಡಿ. ಹಾಗಿದ್ದರೆ ಆ ಸಂಖ್ಯೆಯನ್ನ ಲೆಕ್ಕಕ್ಕೇ ತಗೋಬಾರದು. ಅದನ್ನ ನಂಬಿ ಡೋಸ್ ಇಳಿಸಿದರೆ ಮೂತ್ರದಲ್ಲಿ ಪ್ರೋಟೀನ್ ಮತ್ತೆ ಏರೋದಕ್ಕೆ ದಾರಿ ಮಾಡಿಕೊಟ್ಟ ಹಾಗೆ.

‘ಲೋ’ ನೋಡಿ ಗಾಬರಿ ಬೇಡ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರೋ 5–20 ಥರದ ರೇಂಜ್ ಅಂಗಾಂಗ ಕಸಿ ಆದವರಿಗೆ ಮಾಡಿದ್ದು. ಲೂಪಸ್ ಕಿಡ್ನಿಗೆ ಸಾಮಾನ್ಯವಾಗಿ 4ರಿಂದ 8ರ ಆಸುಪಾಸು ಇಟ್ಟುಕೊಳ್ತಾರೆ. ನಿಮ್ಮ ಡಾಕ್ಟರು ಎಷ್ಟು ಇಟ್ಟುಕೊಂಡಿದ್ದಾರೆ ಅಂತ ಕೇಳಿ ಚೀಟಿ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಬಲೆ ಇದೆ. ಕೆಲವು ಲ್ಯಾಬ್ ಇಮ್ಯುನೊಅಸ್ಸೇ ಅನ್ನೋ ವಿಧಾನದಲ್ಲಿ ಅಳೀತವೆ, ಕೆಲವು ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನೋ ವಿಧಾನದಲ್ಲಿ. ಮೊದಲನೆಯದು ಔಷಧಿ ಒಡೆದು ಆದ ತುಣುಕುಗಳನ್ನೂ ಸ್ವಲ್ಪ ಸೇರಿಸಿ ಎಣಿಸೋದರಿಂದ ಸಂಖ್ಯೆ ತುಸು ಜಾಸ್ತಿ ಬರುತ್ತೆ. ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ಮಾಡಿಸಿ ಹೋಲಿಸೋದು ವ್ಯರ್ಥ. ಒಂದೇ ಲ್ಯಾಬ್ ಹಿಡಿದುಕೊಳ್ಳಿ. ಜೊತೆಗೆ ಸಿಬಿಸಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ, ಶುಗರ್ ಸಹ ಹೋಗಲಿ. ಹಿಮೋಗ್ಲೋಬಿನ್ 7–8ಕ್ಕೆ ಇಳಿದಿದ್ದರೆ ಔಷಧಿ ಹಿಡಿದಿಡೋ ಕಣಗಳೇ ಕಡಿಮೆ. ಆಗ ಲೆವೆಲ್ ಕಡಿಮೆ ತೋರಿಸಿದರೂ ಔಷಧಿ ಸಾಲದು ಅಂತ ತೀರ್ಮಾನಿಸೋಕೆ ಆಗಲ್ಲ. ಪೊಟ್ಯಾಸಿಯಂ ಏರಿದ್ದರೆ ದಿನಾ ಎಳನೀರು ಕುಡಿಯೋ ಅಭ್ಯಾಸವನ್ನೂ ಡಾಕ್ಟರಿಗೆ ಹೇಳಿ. ಹೊಸದುರ್ಗ, ಹಿರಿಯೂರು ಕಡೆಯವರು ಇದನ್ನ ಹೇಳೋದೇ ಇಲ್ಲ, ಅದೇನು ಔಷಧಿನಾ ಅಂತಾರೆ.

ಕೇಳಿದವರು, ಚಳ್ಳಕೆರೆ

ಕೇಳಿದೆ ಮೇಡಂ. ಹೌದಂತೆ, ಮೊದಲ ಸಲ 7 ಗಂಟೆಗೆ ಗುಳಿಗೆ ತಗೊಂಡು 9ಕ್ಕೆ ದುರ್ಗದಲ್ಲಿ ರಕ್ತ ಕೊಟ್ಟಿದ್ದಾಳೆ. ಎಚ್‌ಸಿಕ್ಯೂಗೂ ಹೀಗೇ ಹೊತ್ತು ನೋಡಬೇಕಾ? ರಾತ್ರಿ ಅವಳು ಏಳಕ್ಕೇ ಗುಳಿಗೆ ತಗೋತಾಳೆ, ಬೆಳಿಗ್ಗೆ ಏಳಕ್ಕೆ ದುರ್ಗ ತಲುಪೋದು ಕಷ್ಟ.

ಫಾರ್ಮಸಿಸ್ಟ್, ದಾವಣಗೆರೆ

ಹಾಗಾದರೆ ಗುಳಿಗೆಯ ಹೊತ್ತನ್ನೇ ಸರಿಸ್ರಿ. ನಾಲ್ಕೈದು ದಿನ ಮುಂಚಿಂದಲೇ ಬೆಳಿಗ್ಗೆ 9, ರಾತ್ರಿ 9 ಮಾಡಿಕೊಂಡರೆ ರಕ್ತ ಕೊಡೋ ದಿನ ಆರಾಮಾಗಿ ಹೊರಡಬಹುದು. ಬೆಳಗಿನ ಗುಳಿಗೆ ಪರ್ಸಿನಲ್ಲಿ ಇರಲಿ, ಕೊಟ್ಟ ತಕ್ಷಣ ನುಂಗೋದು. ಅರ್ಧ ಗಂಟೆ ಆಚೀಚೆ ಆದರೆ ನಡೆಯುತ್ತೆ, ಆದರೆ ನಿಜವಾದ ಹೊತ್ತು ಬರೀರಿ. ಹೆಸರಿನ ಮುಂದೆ ಪಿಆರ್, ಎಕ್ಸ್‌ಎಲ್ ಇರೋ ದಿನಕ್ಕೊಂದರ ಟ್ಯಾಕ್ರೊ ಆದರೆ 12 ಅಲ್ಲ, 24 ಗಂಟೆ.

ಊಟದ್ದೂ ಒಂದಿದೆ. ಜಿಡ್ಡಿನ ಊಟದ ಜೊತೆ ತಗೊಂಡರೆ ಟ್ಯಾಕ್ರೊಲಿಮಸ್ ರಕ್ತಕ್ಕೆ ಸೇರೋದು ಸುಮಾರು 37% ಕಡಿಮೆ, ಏರೋ ಶಿಖರ 77% ಕಡಿಮೆ. ನಮ್ಮೂರಲ್ಲಿ ಬೆಳಗಿನ ತಿಂಡಿ ಅಂದರೆ ಬೆಣ್ಣೆ ದೋಸೆ, ಮೇಲೆ ಮತ್ತೊಂದು ಮುದ್ದೆ ಬೆಣ್ಣೆ! ತಿನ್ನಬೇಡಿ ಅಂತಲ್ಲ. ಗುಳಿಗೆ ನುಂಗಿ ಒಂದು ಗಂಟೆ ಬಿಟ್ಟು ತಿನ್ರಿ, ದಿನಾ ಅದೇ ಪದ್ಧತಿ ಇರಲಿ. ಚಕ್ಕೋತ ಹಣ್ಣು ಮಾತ್ರ ಪೂರ್ತಿ ಬೇಡ, ಅದು ಲೆವೆಲ್ ಏರಿಸುತ್ತೆ.

ಅಂಗಡಿಯಲ್ಲಿ ಕೇಳಿ ತಗೊಳ್ಳೋ ಔಷಧಿ ಇನ್ನೂ ಅಪಾಯ. ಹುಳುಕಡ್ಡಿಗೆ ಫ್ಲುಕೊನಜೋಲ್, ಇಟ್ರಾಕೊನಜೋಲ್, ಕೆಮ್ಮಿಗೆ ಕ್ಲಾರಿಥ್ರೊಮೈಸಿನ್, ಬಿಪಿಗೆ ಡಿಲ್ಟಿಯಾಜೆಮ್: ಎಲ್ಲವೂ ಟ್ಯಾಕ್ರೊ ಮಟ್ಟ ಏರಿಸ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಜೆಪಿನ್ ನೆಲ ಕಚ್ಚಿಸ್ತವೆ. ಭೇದಿ ಹತ್ತಿದರೂ ಲೆವೆಲ್ ಏರುತ್ತೆ, ಇಳಿಯಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಂಪನಿ ಬದಲಾಯಿಸಿ ಕೊಟ್ಟರೆ ಡಾಕ್ಟರಿಗೆ ಹೇಳಿ, ವಾರದಲ್ಲಿ ಇನ್ನೊಮ್ಮೆ ಲೆವೆಲ್ ನೋಡ್ರಿ.

ರುಮಟಾಲಜಿ ವೈದ್ಯೆ, ದಾವಣಗೆರೆ

ಎಚ್‌ಸಿಕ್ಯೂಗೆ ಹೊತ್ತಿನ ಗಲಾಟೆ ಅಷ್ಟಿಲ್ಲ, ಅದೇ ಸಲ ಇನ್ನೊಂದು ನೇರಳೆ ಟ್ಯೂಬ್ ಕೊಟ್ಟರೆ ಮುಗೀತು. ಅದು ದೇಹದಲ್ಲಿ ಅರ್ಧ ಆಗೋಕೇ 40 ದಿನದ ಹತ್ತಿರ ಬೇಕು. ಹಾಗಾಗಿ ಶುರು ಮಾಡಿದ ಮೇಲೆ, ಡೋಸ್ ಬದಲಿಸಿದ ಮೇಲೆ ಕೆಲವು ತಿಂಗಳು ಕಾಯದೆ ನೋಡಿದರೆ ಅರ್ಥವಿಲ್ಲ. ಟ್ಯಾಕ್ರೊಗೆ ಡೋಸ್ ಬದಲಿಸಿ ಒಂದು ವಾರ ಸಾಕು.

ಮಿಲಿಲೀಟರಿಗೆ 750ರಿಂದ 1200 ನ್ಯಾನೊಗ್ರಾಂ ಇದ್ದವರಲ್ಲಿ ಲೂಪಸ್ ಹತೋಟಿ ಚೆನ್ನಾಗಿರುತ್ತೆ. 200ಕ್ಕಿಂತ ಕೆಳಗೆ ಅಂದರೆ ಸಾಮಾನ್ಯವಾಗಿ ಗುಳಿಗೆ ಹೊಟ್ಟೆಗೆ ಹೋಗ್ತಾನೇ ಇಲ್ಲ. ಈ ಟೆಸ್ಟ್‌ನ ನಿಜವಾದ ಉಪಯೋಗ ಅದೇ. ಬೈಯಬೇಡಿ. ‘ಉಷ್ಣ ಆಗುತ್ತೆ’, ‘ಕಣ್ಣು ಹೋಗುತ್ತೆ’ ಅಂತ ಯಾರೋ ಹೇಳಿ ಬಿಟ್ಟಿರ್ತಾರೆ. ದಿನಕ್ಕೆ ತೂಕದ ಕೆ.ಜಿ.ಗೆ 5 ಮಿ.ಗ್ರಾಂ ದಾಟಬಾರದು. ಅಕ್ಕನವರಿಗೆ 52 × 5 = 260, ಸರಾಸರಿ 250 ಸರಿಯಾಗಿದೆ. ಕಿಡ್ನಿ ಕುಂದಿದರೆ ಔಷಧಿ ಶೇಖರ ಆಗುತ್ತೆ, ಆಗ ಕಣ್ಣಿನ ಒಸಿಟಿ ಸ್ಕ್ಯಾನ್ (ಅಕ್ಷಿಪಟಲದ ಪರೀಕ್ಷೆ) ಐದು ವರ್ಷ ಕಾಯದೆ ವರ್ಷ ವರ್ಷ ಮಾಡಿಸಬೇಕು.

ಇನ್ನೊಬ್ಬರು, ಹರಿಹರ

ಅಮ್ಮನಿಗೆ ಆರ್‌ಎ (ರುಮಟಾಯ್ಡ್ ಕೀಲುವಾತ), ವಾರಕ್ಕೆ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ. ಅದಕ್ಕೂ ಲೆವೆಲ್ ಇದೆಯಾ?

ಫಾರ್ಮಸಿಸ್ಟ್, ದಾವಣಗೆರೆ

ಬೇಡ್ರಿ. ವಾರದ ಸಣ್ಣ ಡೋಸ್ ಒಂದು ದಿನದಲ್ಲೇ ಸೀರಂನಿಂದ ಬಹುತೇಕ ಖಾಲಿ, ಆ ಸಂಖ್ಯೆ ಏನೂ ಹೇಳಲ್ಲ. ಸಿಬಿಸಿ, ಎಸ್‌ಜಿಪಿಟಿ (ಲಿವರ್ ಪರೀಕ್ಷೆ), ಕ್ರಿಯಾಟಿನಿನ್ ತಪ್ಪದೆ ನೋಡ್ರಿ. ವಾರದ ಗುಳಿಗೆಯನ್ನ ದಿನಾ ನುಂಗಿಬಿಟ್ಟರೆ ಬಾಯೆಲ್ಲ ಹುಣ್ಣು, ರಕ್ತಕಣ ಕುಸಿತ, ಪ್ರಾಣಕ್ಕೇ ಸಂಚಕಾರ. ಪಟ್ಟಿ ಮೇಲೆ ‘ಗುರುವಾರ ಮಾತ್ರ’ ಅಂತ ಕನ್ನಡದಲ್ಲಿ ದಪ್ಪಗೆ ಬರೀರಿ.

ಲ್ಯಾಬ್ ಟೆಕ್ನಿಷಿಯನ್, ಚಿತ್ರದುರ್ಗ

ಮೇಡಂ ತಿದ್ದಿದ್ದು ಸರಿ, ಒಪ್ಪಿದೆ. ಫಾರಂನಲ್ಲಿ ‘ಕೊನೆಯ ಡೋಸ್’ ಅನ್ನೋ ಖಾನೆಯನ್ನ ನಮ್ಮವರು ಖಾಲಿ ಬಿಡೋದೇ ಹೆಚ್ಚು. ನೀವೇ ಒಂದು ಚೀಟಿ ಬರೆದು ತನ್ನಿ: ‘ಟ್ಯಾಕ್ರೊ 1 ಮಿ.ಗ್ರಾಂ, ನುಂಗಿದ್ದು ನಿನ್ನೆ ರಾತ್ರಿ 9.00, ರಕ್ತ ತೆಗೆದದ್ದು ಇಂದು ಬೆಳಿಗ್ಗೆ 9.10.’ ಬಸ್‌ನಲ್ಲಿ ಮರೆತು ಗುಳಿಗೆ ನುಂಗಿಬಿಟ್ಟಿದ್ದರೆ ಅವತ್ತು ಕೊಡಲೇಬೇಡಿ, ದುಡ್ಡು ದಂಡ. ಊರಿಗೆ ಹೋಗಿ ನಾಳೆ ಬನ್ನಿ.